ಮೂಲೆ ಬಿಲ್ಲೆ ಯಾಕೆ ಕೆಡುತ್ತದೆ? ಮನೆಯಲ್ಲೇ ಕಾರ್ನರ್ ಬ್ಲಾಕ್ ಮಾಡುವವರಿಗೆ ದೋಷ ನಿವಾರಣೆ ಕೈಪಿಡಿ

ಬಾಗಿಲಿನ ಸುತ್ತ ಅಲಂಕಾರದ ಪಟ್ಟಿ ಹೊಡೆಯುವಾಗ ಮೂಲೆಯಲ್ಲಿ ಎರಡು ಪಟ್ಟಿಗಳನ್ನು 45 ಡಿಗ್ರಿಗೆ ಕೊಯ್ದು ಕೂಡಿಸಬೇಕು. ಗೋಡೆ ನೇರ ಇದ್ದರೆ ಅದು ಸುಲಭ. ನಮ್ಮ ಮನೆಗಳಲ್ಲಿ ಗೋಡೆ ಎಲ್ಲಿ ನೇರ ಇರುತ್ತದೆ ಹೇಳಿ? ಅದಕ್ಕೇ ಮೂಲೆಗೆ ಒಂದು ಚೌಕ ಮರದ ತುಂಡು ಕೂರಿಸಿ, ಎರಡೂ ಪಟ್ಟಿಗಳನ್ನು ನೇರವಾಗಿ ಕೊಯ್ದು ಅದಕ್ಕೆ ತಾಗಿಸಿ ನಿಲ್ಲಿಸುವುದು. 19ನೇ ಶತಮಾನದ ಅಮೆರಿಕದ ಮನೆಗಳಲ್ಲಿ ಈ ಉಪಾಯ ಬಹಳ ಬಳಕೆಯಲ್ಲಿತ್ತು. ಚೌಕದ ಮುಖದ ಮೇಲೆ ಒಂದರೊಳಗೊಂದು ಬಳೆ ಇಟ್ಟ ಹಾಗೆ ವೃತ್ತಗಳನ್ನು ಕೊರೆದಿರುತ್ತಾರೆ. ಅಂಗಡಿಯಲ್ಲಿ ಇದಕ್ಕೆ ಕಾರ್ನರ್ ಬ್ಲಾಕ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಬಿಲ್ಲೆ ಅಂತ ಹೆಸರು ಬಿದ್ದಿದೆ, ಇಲ್ಲೂ ಹಾಗೇ ಕರೆಯುತ್ತೇನೆ.

ನನ್ನ ಲೆಕ್ಕ ಹೀಗಿದೆ. ಪಟ್ಟಿ 75 ಮಿ.ಮೀ. ಅಗಲ, 18 ಮಿ.ಮೀ. ದಪ್ಪ. ಬಿಲ್ಲೆ 80 ಮಿ.ಮೀ. ಚೌಕ, 22 ಮಿ.ಮೀ. ದಪ್ಪ. ಬಿಲ್ಲೆ ಪಟ್ಟಿಗಿಂತ ಒಂದಿಷ್ಟು ಅಗಲವಾಗಿ, ಒಂದಿಷ್ಟು ದಪ್ಪವಾಗಿ ಇರಲೇಬೇಕು. ಎರಡೂ ಸಮ ಇಟ್ಟರೆ ಅರ್ಧ ಮಿ.ಮೀ. ಏರುಪೇರೂ ಕಣ್ಣಿಗೆ ರಾಚುತ್ತದೆ. ಮರ ತೇಗದ್ದು, ಹಳೆ ಬಾಗಿಲು ಬಿಚ್ಚಿದಾಗ ಉಳಿದ ತುಂಡುಗಳು. ವೃತ್ತ ಕೊರೆಯುವುದು ಬೆಂಚ್ ಡ್ರಿಲ್‌ಗೆ ಹಾಕುವ ರೋಸೆಟ್ ಕಟರ್‌ನಿಂದ. ಅದರ ಅಡ್ಡಳತೆ 65 ಮಿ.ಮೀ.

ಯಂತ್ರ ಮುಟ್ಟುವ ಮೊದಲು

ರೋಸೆಟ್ ಕಟರನ್ನು ಕೈಯಲ್ಲಿ ಹಿಡಿಯುವ ಡ್ರಿಲ್‌ಗೆ ಯಾವತ್ತೂ ಹಾಕಬೇಡಿ. ಅಗಲದ ಅಲಗು ಒಂದು ಸಲ ಮರಕ್ಕೆ ಕಚ್ಚಿಕೊಂಡರೆ ಡ್ರಿಲ್ ನಿಮ್ಮ ಮಣಿಕಟ್ಟನ್ನೇ ತಿರುಚುತ್ತದೆ. ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಕೊರೆಯುವುದೂ ಬೇಡ, ಕ್ಲಾಂಪ್ ಹಾಕಿ. ಕೈಗವಸು ಹಾಕಬೇಡಿ, ತಿರುಗುವ ಯಂತ್ರಕ್ಕೆ ಅದು ಸಿಕ್ಕಿಕೊಂಡರೆ ಬೆರಳನ್ನೂ ಎಳೆದುಕೊಂಡು ಹೋಗುತ್ತದೆ. ದುಪಟ್ಟಾ, ಸೆರಗು, ಕತ್ತಿನ ಸರ, ಉದ್ದ ಜಡೆ, ಸಡಿಲ ತೋಳು ಎಲ್ಲಕ್ಕೂ ಇದೇ ಮಾತು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ತೇಗದ ಧೂಳು ಕೆಲವರಿಗೆ ಚರ್ಮದ ತುರಿಕೆ, ಉಬ್ಬಸ ತರುತ್ತದೆ. ಕಟರ್ ಬದಲಾಯಿಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ.

ವೃತ್ತದ ಅಂಚು ಹರಿದು, ಸಿಬಿರು ಎದ್ದು ಬರುತ್ತಿದೆ

ಎಲ್ಲರಿಗೂ ಮೊದಲು ಎದುರಾಗುವ ತೊಂದರೆ ಇದೇ. ತಕ್ಷಣ ಹೊಸ ಕಟರ್ ತರಲು ಓಡಬೇಡಿ. ಹರಿದಿರುವುದು ಎಲ್ಲಿ ಅಂತ ನೋಡಿ. ಬಿಲ್ಲೆಯನ್ನು ಗಡಿಯಾರದ ಮುಖ ಅಂದುಕೊಂಡು ಪೆನ್ಸಿಲ್‌ನಲ್ಲಿ ಗುರುತು ಹಾಕಿ.

ಎದುರುಬದುರು ಎರಡು ಕಡೆ ಮಾತ್ರ ಹರಿದಿದೆಯಾ? ಹಾಗಾದರೆ ಅದು ಮರದ ಎಳೆಯ ಆಟ. ಕಟರ್ ಸುತ್ತುವಾಗ ಒಂದು ಸುತ್ತಿನಲ್ಲೇ ಎರಡು ಕಡೆ ಎಳೆಯ ಜೊತೆ ಹೋಗುತ್ತದೆ, ಎರಡು ಕಡೆ ಎಳೆಗೆ ಎದುರಾಗಿ ಹೋಗುತ್ತದೆ. ಎದುರಾದ ಕಡೆ ಎಳೆ ಕತ್ತರಿಸುವ ಬದಲು ಎದ್ದು ಬರುತ್ತದೆ. ಬೆಕ್ಕಿನ ಮೈಯನ್ನು ಬಾಲದಿಂದ ತಲೆಯ ಕಡೆಗೆ ಸವರಿದ ಹಾಗೆ. ಇದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ, ಕಡಿಮೆ ಮಾಡಬಹುದು. ಕೊನೆಯ ಅರ್ಧ ಮಿ.ಮೀ. ಆಳವನ್ನು ತೀರಾ ನಿಧಾನವಾಗಿ ಇಳಿಸಿ. ಅದಕ್ಕೂ ಮೊದಲು ಮುಖದ ಮೇಲೆ ತೆಳುವಾದ ಅರಗಿನ ಪಾಲಿಶ್ ಒಂದು ಕೈ ಹಚ್ಚಿ ಒಣಗಿಸಿ. ಎಳೆಗಳು ಗಟ್ಟಿಯಾಗಿ ನಿಂತು ಚೆನ್ನಾಗಿ ಕತ್ತರಿಸುತ್ತವೆ. ನಾನು ಇದನ್ನು ನಂಬದೆ ಅರ್ಧ ಬಿಲ್ಲೆಗೆ ಮಾತ್ರ ಹಚ್ಚಿ ಕೊರೆದು ನೋಡಿದೆ. ಹಚ್ಚಿದ ಅರ್ಧ ನುಣುಪಾಗಿತ್ತು, ಇನ್ನರ್ಧ ಹಲ್ಲುಜ್ಜುವ ಬ್ರಷ್ಷಿನ ಹಾಗಿತ್ತು.

ಸುತ್ತಲೂ ಒಂದೇ ಸಮ ಹರಿದಿದ್ದರೆ ಅಲಗು ಮೊಂಡಾಗಿದೆ, ಇಲ್ಲವೇ ನೀವು ಜಾಸ್ತಿ ಒತ್ತುತ್ತಿದ್ದೀರಿ. ಮೊದಲು ಕೈ ಹಗುರ ಮಾಡಿ ನೋಡಿ, ಅದಕ್ಕೆ ಖರ್ಚಿಲ್ಲ. ಆಮೇಲೂ ಹಾಗೇ ಇದ್ದರೆ ಕಟರ್ ಬಿಚ್ಚಿ, ಅಲಗಿನ ಚಪ್ಪಟೆ ಮುಖವನ್ನು ಮಾತ್ರ ಸಾಣೆಕಲ್ಲಿನ ಮೇಲೆ ಐದಾರು ಸಲ ಎಳೆಯಿರಿ. ಅಂಕುಡೊಂಕಾದ ಮುಖವನ್ನು ಮುಟ್ಟಬೇಡಿ. ಮುಟ್ಟಿದರೆ ವಿನ್ಯಾಸವೇ ಬದಲಾಗಿ, ಹಳೆ ಬಿಲ್ಲೆಗೂ ಹೊಸ ಬಿಲ್ಲೆಗೂ ಹೊಂದಾಣಿಕೆ ಆಗುವುದಿಲ್ಲ.

ಒಂದೇ ಜಾಗದಲ್ಲಿ ಹರಿದಿದ್ದರೆ ಅಲ್ಲಿ ಗಂಟಿದೆ ಅಥವಾ ಎಳೆ ಸುಳಿ ಸುತ್ತಿದೆ. ಆ ತುಂಡನ್ನು ಬದಿಗಿಡಿ. ಎಷ್ಟು ಸರ್ಕಸ್ ಮಾಡಿದರೂ ಅದು ಸರಿ ಬರುವುದಿಲ್ಲ.

ಹರಿದಿರುವುದು ವೃತ್ತದಲ್ಲಲ್ಲ, ಬಿಲ್ಲೆಯ ಹೊರ ಅಂಚಿನಲ್ಲಿ ಅನ್ನುವುದಾದರೆ, ನೀವು ಬಿಲ್ಲೆಯನ್ನು ಮೊದಲೇ ಅಳತೆಗೆ ಕೊಯ್ದುಬಿಟ್ಟಿದ್ದೀರಿ. ಕ್ರಮ ತಿರುಗಿಸಿ. ಬಿಲ್ಲೆಗೆಂದು ಇಟ್ಟ ಎರಡು ಅಡಿ ಉದ್ದದ ಮರದಲ್ಲಿ ಐದಾರು ವೃತ್ತ ಸಾಲಾಗಿ ಕೊರೆದು, ಆಮೇಲೆ ಒಂದೊಂದೇ ಬಿಲ್ಲೆ ಕೊಯ್ಯಿರಿ. ಕ್ಲಾಂಪ್ ಹಾಕಲು ಜಾಗ ಸಿಗುತ್ತದೆ, ಬೆರಳು ಕಟರ್‌ನಿಂದ ದೂರ ಇರುತ್ತದೆ, ಅಂಚೂ ಒಡೆಯುವುದಿಲ್ಲ.

ಕೊರೆದ ಜಾಗ ಕಪ್ಪಾಗಿದೆ, ಸುಟ್ಟ ವಾಸನೆ ಬರುತ್ತಿದೆ

ಕಟರ್ ಕೆಳಗೆ ಬೀಳುವುದನ್ನು ಬೆರಳಲ್ಲಿ ಹಿಡಿದು ನೋಡಿ. ಯಂತ್ರ ನಿಂತ ಮೇಲೆ, ಮತ್ತೆ. ತೆಳ್ಳಗಿನ ಸಿಪ್ಪೆ ಬಂದರೆ ಅಲಗು ಕತ್ತರಿಸುತ್ತಿದೆ. ಹಿಟ್ಟಿನಂಥ ಪುಡಿ ಬಂದರೆ ಕತ್ತರಿಸದೆ ಉಜ್ಜುತ್ತಿದೆ. ಉಜ್ಜಿದರೆ ಬಿಸಿ, ಬಿಸಿಯಾದರೆ ಕಪ್ಪು, ಅಷ್ಟೇ.

ಉಜ್ಜಲು ಮೊದಲ ಕಾರಣ ವೇಗ. ಬೆಂಚ್ ಡ್ರಿಲ್‌ನ ಮುಚ್ಚಳ ತೆಗೆದು ಬೆಲ್ಟ್ ಯಾವ ಮೆಟ್ಟಿಲ ಮೇಲಿದೆ ನೋಡಿ. 10 ಮಿ.ಮೀ. ತೂತಿನ ಬಿಟ್ ನಿಮಿಷಕ್ಕೆ 2500 ಸುತ್ತು ಸುತ್ತಿದರೆ ಅದರ ಹೊರ ಅಂಚು ನಿಮಿಷಕ್ಕೆ ಸುಮಾರು 78 ಮೀಟರ್ ಓಡುತ್ತದೆ. ಅದೇ ವೇಗದಲ್ಲಿ 65 ಮಿ.ಮೀ. ಕಟರ್ ಹಾಕಿದರೆ ಅಂಚು 510 ಮೀಟರ್ ಓಡುತ್ತದೆ. 500 ಸುತ್ತಿಗೆ ಇಳಿಸಿದರೆ 102 ಮೀಟರ್. ಹಾಗಾಗಿ ಬೆಲ್ಟನ್ನು ಎಲ್ಲಕ್ಕಿಂತ ಕಡಿಮೆ ವೇಗದ ಮೆಟ್ಟಿಲಿಗೆ ಹಾಕಿ, ಪ್ಲಗ್ ಕಿತ್ತ ಮೇಲೆ. ಕಟರ್‌ನ ಪೊಟ್ಟಣದ ಮೇಲೆ ಮಿತಿ ಬರೆದಿದ್ದರೆ ಅದನ್ನು ಮೀರಬೇಡಿ.

ಎರಡನೆಯದು, ತೀರಾ ಹೆದರಿ ಹೆದರಿ ಇಳಿಸುವುದು. ಮೇಲಿನ ಭಾಗದಲ್ಲಿ ನಿಧಾನ ಅಂದೆ, ನಿಜ. ಆದರೆ ಅಲಗು ಒಂದೇ ಆಳದಲ್ಲಿ ಸುಮ್ನೆ ಸುತ್ತುತ್ತಾ ನಿಂತರೆ ಸುಡುತ್ತದೆ. ಸ್ವಲ್ಪ ಇಳಿಸಿ, ಸಿಪ್ಪೆ ಬಂತಾ ನೋಡಿ, ಎತ್ತಿ, ಪುಡಿ ಹೋಗಲಿ, ಮತ್ತೆ ಇಳಿಸಿ. ತಳ ಮುಟ್ಟಿದ ಕೂಡಲೇ ಎತ್ತಿಬಿಡಿ.

ಮೂರನೆಯದು ಅಂಟು. ಪೈನ್ ಥರದ ಮರದಲ್ಲಿ ರಾಳ ಜಾಸ್ತಿ, ಅದು ಅಲಗಿಗೆ ಕಂದು ಬಣ್ಣದಲ್ಲಿ ಮೆತ್ತಿಕೊಳ್ಳುತ್ತದೆ. ಬಟ್ಟೆ ಒಗೆಯುವ ಪುಡಿ ಕಲಸಿದ ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಳೆ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ಒರೆಸಿ, ಒಂದು ಹನಿ ಎಣ್ಣೆ ಸವರಿ. ತೇಗದ ಕಥೆ ಬೇರೆ. ತೇಗದೊಳಗೆ ಸಣ್ಣ ಮರಳಿನಂಥ ಸಿಲಿಕಾ ಇರುತ್ತದೆ. ಅದು ಅಲಗನ್ನು ಬೇಗ ಮೊಂಡು ಮಾಡುತ್ತದೆ. ತೇಗದಲ್ಲಿ ಬಿಲ್ಲೆ ಮಾಡುವವರು ಪ್ರತಿ ಹತ್ತು ಹನ್ನೆರಡು ಬಿಲ್ಲೆಗೊಮ್ಮೆ ಸಾಣೆ ಮುಟ್ಟಿಸುವುದು ಒಳ್ಳೆಯದು.

ಹೊಗೆ ಕಂಡರೆ ನಿಲ್ಲಿಸಿ. ಆ ಬಿಸಿ ಪುಡಿಯನ್ನು ಗುಡಿಸಿ ಕಸದ ಬುಟ್ಟಿಗೆ ಹಾಕಬೇಡಿ, ಒಳಗೊಳಗೇ ಕೆಂಡವಾಗಿ ಆಮೇಲೆ ಹೊತ್ತಿಕೊಳ್ಳಬಹುದು. ನೀರು ಚಿಮುಕಿಸಿ ಹೊರಗಿಡಿ.

ತಳದಲ್ಲಿ ಅಲೆ ಅಲೆ ಗುರುತು, ಕೊರೆಯುವಾಗ ಗಡಗಡ ಸದ್ದು

ಏನೋ ಒಂದು ಅಲ್ಲಾಡುತ್ತಿದೆ. ಕೆಳಗಿನಿಂದ ಮೇಲಕ್ಕೆ ಹುಡುಕುತ್ತಾ ಹೋಗಿ. ಯಂತ್ರ ಮೇಜಿಗೆ ಬೋಲ್ಟ್ ಆಗಿದೆಯಾ? ಡ್ರಿಲ್‌ನ ತಟ್ಟೆ ಬಿಗಿ ಮಾಡಿದ್ದೀರಾ? ಮರದ ಕೆಳಗೆ ಪುಡಿ ಸೇರಿ ಎತ್ತಿಕೊಂಡಿದೆಯಾ? ನನ್ನ ಹತ್ತು ಗಡಗಡಗಳಲ್ಲಿ ಎಂಟಕ್ಕೆ ಆ ಪುಡಿಯೇ ಕಾರಣ, ಒಂದು ಬ್ರಷ್ ಬೀಸಿದರೆ ಮುಗಿಯಿತು. ಆಮೇಲೆ ಚಕ್, ಅಂದರೆ ಕಟರನ್ನು ಕಚ್ಚಿ ಹಿಡಿಯುವ ಭಾಗ. ಕೀಲಿಯನ್ನು ಒಂದೇ ತೂತಿನಲ್ಲಿ ಹಾಕಿ ಬಿಗಿ ಮಾಡದೆ ಮೂರೂ ತೂತಿನಲ್ಲಿ ಹಾಕಿ ಬಿಗಿ ಮಾಡಿ. ಕೀಲಿ ತೆಗೆದಿಡುವುದನ್ನು ಮರೆತು ಸ್ವಿಚ್ ಹಾಕಿದರೆ ಅದು ಬಾಣದ ಹಾಗೆ ಹಾರುತ್ತದೆ. ತಟ್ಟೆಯನ್ನು ಮೇಲೆತ್ತಿ, ಚಕ್ ಕಡಿಮೆ ಇಳಿಯುವ ಹಾಗೆ ಮಾಡಿಕೊಂಡರೂ ಅಲುಗಾಟ ತಗ್ಗುತ್ತದೆ.

ಇಷ್ಟಾದರೂ ಹೋಗಲಿಲ್ಲವಾ? ಪ್ಲಗ್ ಕಿತ್ತು, ಚಕ್ಕನ್ನು ಕೈಯಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಟಕ್ ಟಕ್ ಅಂತ ಆಡಿದರೆ ಒಳಗಿನ ಬೇರಿಂಗ್ ಸವೆದಿದೆ. ಇಲ್ಲಿ ನಿಲ್ಲಿಸಿ, ಯಂತ್ರವನ್ನು ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಆಡುವ ಚಕ್‌ಗೆ ದೊಡ್ಡ ಕಟರ್ ಹಾಕುವುದು ಅಪಾಯ.

ಇನ್ನೊಂದು ದಾರಿಯೂ ಇದೆ. ವೃತ್ತವನ್ನು ಬಿಲ್ಲೆಯಲ್ಲಿ ಕೊರೆಯದೆ, ಕಡಚಲು ಮಾಡುವವರ (ಮರವನ್ನು ತಿರುಗಿಸುತ್ತಾ ದುಂಡಗೆ ಕೆತ್ತುವವರ) ಹತ್ತಿರ ದುಂಡನೆಯ ತಟ್ಟೆ ಮಾಡಿಸಿ ಚೌಕದ ಮೇಲೆ ಅಂಟಿಸುವುದು. ಚನ್ನಪಟ್ಟಣದ ಗೊಂಬೆಯವರು ಬಳಸುವ ಆಲೆ ಮರ ಇದಕ್ಕೆ ಚೆನ್ನ. ಎಳೆ ನಯವಾಗಿ ಒಂದೇ ಸಮ ಇರುತ್ತದೆ, ಸಿಬಿರು ಏಳುವುದು ಕಡಿಮೆ. ಬಣ್ಣ ಹೊಡೆಯುವ ಬಿಲ್ಲೆಯಾದರೆ ಇದೇ ವಾಸಿ. ತೇಗದ ಪಾಲಿಶ್ ಪಟ್ಟಿಯ ಪಕ್ಕದಲ್ಲಿ ಮಾತ್ರ ಬೆಳ್ಳಗೆ ಎದ್ದು ಕಾಣುತ್ತದೆ.

ವೃತ್ತ ನಡುವೆ ಇಲ್ಲ

ನಾಲ್ಕೈದು ಬಿಲ್ಲೆಗಳನ್ನು ಒಂದೇ ದಿಕ್ಕಿಗೆ ಜೋಡಿಸಿಟ್ಟು ನೋಡಿ. ಎಲ್ಲವೂ ಒಂದೇ ಕಡೆಗೆ, ಒಂದೇ ಅಳತೆ ಸರಿದಿದ್ದರೆ ತಪ್ಪು ನಿಮ್ಮ ಆಧಾರದ ಪಟ್ಟಿಯದು, ಅಂದರೆ ಮರವನ್ನು ಒರಗಿಸಲು ಡ್ರಿಲ್‌ನ ತಟ್ಟೆಯ ಮೇಲೆ ಬಿಗಿದ ಪಟ್ಟಿಯದು. ಅದನ್ನು ಸರಿಸಿದರೆ ಆಯ್ತು. ಒಂದೊಂದು ಒಂದೊಂದು ಕಡೆಗೆ ಸರಿದಿದ್ದರೆ ಕ್ಲಾಂಪ್ ಜಾರುತ್ತಿದೆ, ಅಥವಾ ಗುರುತಿನ ಜಾಗಕ್ಕೆ ಕಟರ್‌ನ ಮೊನೆ ಕೂರುತ್ತಿಲ್ಲ. ಗುರುತಿನ ಮೇಲೆ ಮೊಳೆಯ ತುದಿಯಿಂದ ಒಂದು ಸಣ್ಣ ಗುಳಿ ಮಾಡಿ. ಯಂತ್ರ ಆಫ್ ಇರುವಾಗಲೇ ಮೊನೆಯನ್ನು ಆ ಗುಳಿಗೆ ಇಳಿಸಿ ಕೂರಿಸಿ, ಆಮೇಲೆ ಕ್ಲಾಂಪ್ ಬಿಗಿ ಮಾಡಿ.

ಕೊರೆದು ಕೊಯ್ಯುವ ಕ್ರಮ ಪಾಲಿಸಿದರೆ ಈ ತೊಂದರೆ ಅರ್ಧ ಮಾಯ. ವೃತ್ತ ಎಲ್ಲಿದೆಯೋ ಅಲ್ಲಿಂದ ನಾಲ್ಕೂ ಕಡೆ ಅಳೆದು ಗೆರೆ ಎಳೆದು ಕೊಯ್ಯುತ್ತೀರಿ, ಅಲ್ವಾ?

ಬಿಲ್ಲೆಗಳು ಒಂದಕ್ಕೊಂದು ಹೊಂದುತ್ತಿಲ್ಲ

ಒಂದರ ಮೇಲೊಂದು ಪೇರಿಸಿ, ಬೆರಳಿಂದ ಬದಿ ಸವರಿ. ಮೆಟ್ಟಿಲು ಸಿಕ್ಕಿದರೆ ಅಳತೆ ಬೇರೆ ಬೇರೆ. ಪ್ರತಿ ತುಂಡಿಗೂ ಟೇಪ್ ಹಿಡಿದು ಅಳೆಯುವುದೇ ಇದಕ್ಕೆ ಮೂಲ. ಒಮ್ಮೆ ಅಳೆದು, ಗರಗಸದ ಪೆಟ್ಟಿಗೆಗೆ (ಗರಗಸ ನೇರ ಹೋಗಲು ಸೀಳು ಇರುವ ಮರದ ಪೆಟ್ಟಿಗೆ) ಒಂದು ಮರದ ತಡೆ ಹೊಡೆದು, ಎಲ್ಲ ತುಂಡನ್ನೂ ಅದಕ್ಕೇ ತಾಗಿಸಿ ಕೊಯ್ಯಿರಿ. ಅಳತೆ ಸರಿಯಿದ್ದೂ ವಜ್ರದಾಕಾರ ಕಂಡರೆ ಎರಡು ಕರ್ಣ ಅಳೆಯಿರಿ. 80 ಮಿ.ಮೀ. ಚೌಕಕ್ಕೆ ಎರಡೂ 113 ಮಿ.ಮೀ. ಹತ್ತಿರ ಬರಬೇಕು. ವ್ಯತ್ಯಾಸ ಇದ್ದರೆ ಗರಗಸದ ಪೆಟ್ಟಿಗೆಯ ಸೀಳು ಸವೆದಿದೆ, ಹೊಸದು ಮಾಡಿಕೊಳ್ಳಿ.

ಗಾಲಿ ಗರಗಸದಲ್ಲಿ ಕೊಯ್ಯುವವರಿಗೆ ಒಂದು ಮಾತು. ಕೊನೆಯ ಬಿಲ್ಲೆಯ ಆಸೆಗೆ ಬೀಳಬೇಡಿ. ಕೈಯಲ್ಲಿ ಹಿಡಿಯುವ ತುಂಡು ಒಂದು ಅಡಿಗಿಂತ ಚಿಕ್ಕದಾದರೆ ಅದನ್ನು ಬಿಟ್ಟುಬಿಡಿ, ಅಥವಾ ಕೈಗರಗಸದಲ್ಲಿ ಕೊಯ್ಯಿರಿ.

ಬಿಲ್ಲೆ ಸೀಳಿದೆ

ಯಾವಾಗ ಸೀಳಿತು ಅನ್ನುವುದು ಮುಖ್ಯ.

ಮೊಳೆ ಹೊಡೆಯುವಾಗಲೇ ಸೀಳಿ, ಬಿರುಕು ಮೊಳೆಯ ಮೂಲಕವೇ ಹಾದಿದ್ದರೆ ಕಾರಣ ಸುಲಭ. ತೂತು ಹಾಕದೆ ಹೊಡೆದಿದ್ದೀರಿ. ಮೊಳೆಗಿಂತ ತುಸು ಸಣ್ಣ ತೂತು ಮೊದಲು ಹಾಕಿ, ಅಂಚಿನಿಂದ 20 ಮಿ.ಮೀ. ಒಳಗೆ. ಒಂದೇ ಎಳೆಯ ಗೆರೆ ಮೇಲೆ ಎರಡು ಮೊಳೆ ಬೇಡ, ಓರೆಯಾಗಿ ಎದುರುಬದುರು ಇರಲಿ. ಎರಡು ಮೊಳೆ ಸಾಕು. ನಾಲ್ಕು ಮೂಲೆಗೂ ಹೊಡೆದರೆ ಮರಕ್ಕೆ ಅಲುಗಲು ಜಾಗವೇ ಇರುವುದಿಲ್ಲ.

ತಿಂಗಳುಗಳು ಕಳೆದ ಮೇಲೆ ಸೀಳಿದರೆ ಅದು ಹಸಿ ಮರದ ಕೆಲಸ. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ನಮ್ಮದು ಮಲೆನಾಡಿನ ಮನೆ. ಒಂದು ಆಗಸ್ಟ್‌ನಲ್ಲಿ, ಜಡಿಮಳೆಯ ನಡುವೆ, ಎಂಟು ಬಿಲ್ಲೆ ಮಾಡಿ ಕೂರಿಸಿದೆ. ಆ ಸಲ ತೇಗ ಸಾಲದೆ ಡಿಪೋದಿಂದ ಹೊಸ ಹಲಸು ತಂದಿದ್ದೆ. ನಮ್ಮ ಆಚಾರರು ತುಂಡನ್ನು ಕೈಯಲ್ಲಿ ತೂಗಿ "ಇದು ಇನ್ನೂ ಹಸಿ ಉಂಟಲ್ಲ" ಅಂದರು. ನಾನು ಕೇಳಲಿಲ್ಲ. ಮಾರ್ಚ್‌ಗೆ ಮೂರು ಬಿಲ್ಲೆ ಸೀಳಿದವು, ಉಳಿದವುಗಳ ಪಕ್ಕದಲ್ಲಿ ಪೋಸ್ಟ್ ಕಾರ್ಡ್ ತೂರುವಷ್ಟು ಸಂದು.

ಮರ ಗಾಳಿಯ ತೇವ ನೋಡಿಕೊಂಡು ಹಿಗ್ಗುತ್ತದೆ, ಕುಗ್ಗುತ್ತದೆ. ಗಾಳಿಯ ತೇವ ಶೇ. 85ರ ಸುತ್ತ ಇರುವ ಮಳೆಗಾಲದಲ್ಲಿ ಮರದೊಳಗಿನ ನೀರು ಶೇ. 17ರ ಹತ್ತಿರ ನಿಲ್ಲುತ್ತದೆ. ಗಾಳಿಯ ತೇವ ಶೇ. 50ಕ್ಕೆ ಇಳಿದಾಗ ಅದು ಶೇ. 9ರ ಹತ್ತಿರ ಬರುತ್ತದೆ. ತೇಗ ಕಡಿಮೆ ಕುಗ್ಗುವ ಮರ. ಆದರೂ ಒಳಗಿನ ನೀರು ಶೇ. 5ರಷ್ಟು ಇಳಿದರೆ 80 ಮಿ.ಮೀ. ಅಗಲದ ಬಿಲ್ಲೆ ಎಳೆಗೆ ಅಡ್ಡಲಾಗಿ ಮುಕ್ಕಾಲು ಮಿ.ಮೀ. ವರೆಗೆ ಕುಗ್ಗಬಹುದು. ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಏನೂ ಕುಗ್ಗುವುದಿಲ್ಲ. ಅಂದರೆ ಚೌಕ ನಿಧಾನಕ್ಕೆ ಆಯತ ಆಗುತ್ತದೆ, ನಿಮ್ಮ ವೃತ್ತ ಮೊಟ್ಟೆಯ ಕಡೆಗೆ ವಾಲುತ್ತದೆ.

ಪರೀಕ್ಷೆಗೆ ತೇವ ಅಳೆಯುವ ಮೀಟರ್ ಬೇಕಿಲ್ಲ. ಅಡುಗೆಮನೆಯ ತಕ್ಕಡಿ ಸಾಕು. ಕೊಯ್ದ ತುಂಡಿನ ತೂಕವನ್ನು ಅದರ ಮೇಲೇ ಪೆನ್ಸಿಲ್‌ನಲ್ಲಿ ತಾರೀಖಿನ ಜೊತೆ ಬರೆದು, ಯಾವ ಕೋಣೆಯಲ್ಲಿ ಕೂರಿಸುತ್ತೀರೋ ಅಲ್ಲೇ ಇಡಿ. ವಾರಕ್ಕೊಮ್ಮೆ ತೂಗಿ. ಈ ಅಳತೆಯ ತೇಗದ ಬಿಲ್ಲೆ ಸುಮಾರು 90 ಗ್ರಾಂ ತೂಗುತ್ತದೆ. ವಾರದಲ್ಲಿ ನಾಲ್ಕೈದು ಗ್ರಾಂ ಇಳಿದರೆ ಮರ ಇನ್ನೂ ಒಣಗುತ್ತಿದೆ. ಎರಡು ವಾರ ತೂಕ ಬದಲಾಗದೆ ನಿಂತರೆ ಕೊರೆಯಲು ಶುರು ಮಾಡಿ. ಬಿಸಿಲಿಗಿಟ್ಟು ಅವಸರ ಮಾಡಬೇಡಿ, ಎಳೆಯ ಬಾಯಿ ತೆರೆದಿರುವ ತಲೆಕಡೆ ಬೇಗ ಒಣಗಿ ಅಲ್ಲೇ ಬಿರಿಯುತ್ತದೆ.

ಪಾಲಿಶ್ ಹಚ್ಚುವಾಗ ಬೆನ್ನಿಗೂ ಒಂದು ಕೈ ಹಚ್ಚಿ. ಯಾರಿಗೂ ಕಾಣುವುದಿಲ್ಲ ಅಂತ ಬಿಟ್ಟರೆ ಗೋಡೆಯ ತೇವ ಅಲ್ಲಿಂದಲೇ ಒಳಗೆ ಹೋಗಿ ಬಿಲ್ಲೆ ದೋಣಿಯ ಹಾಗೆ ಬಾಗುತ್ತದೆ.

ಕೂರಿಸಿದ ಮೇಲೆ ಪಟ್ಟಿಗೂ ಬಿಲ್ಲೆಗೂ ನಡುವೆ ಸಂದು

ಸಂದು ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಇಲ್ಲವೇ ಇಲ್ಲ ಅಂದರೆ ಪಟ್ಟಿಯ ತುದಿ ನೇರ ಕೊಯ್ದಿಲ್ಲ. ಮೂಲೆಮಟ್ಟ ಇಟ್ಟು ನೋಡಿ, ಉಳಿಯಿಂದ ಹಿಂಭಾಗವನ್ನು ಕೂದಲೆಳೆಯಷ್ಟು ಕೆತ್ತಿ. ಮುಂದೆ ಕಾಣುವ ಅಂಚು ಮಾತ್ರ ತಾಗಿದರೆ ಸಾಕು. ಸಂದು ಉದ್ದಕ್ಕೂ ಒಂದೇ ಸಮ ಇದ್ದರೆ ಪಟ್ಟಿಯೇ ಗಿಡ್ಡ, ಇಲ್ಲವೇ ಮರ ಕುಗ್ಗಿದೆ.

ಬಿಲ್ಲೆಯ ಒಂದು ಮೂಲೆ ಒತ್ತಿದರೆ ಇನ್ನೊಂದು ಮೂಲೆ ಏಳುತ್ತದೆಯಾ? ಕೆಳಗೆ ಗಾರೆ ಉಬ್ಬಿದೆ. ಬಿಲ್ಲೆಯ ಬೆನ್ನಿನ ನಡುಭಾಗವನ್ನು ಉಳಿಯಿಂದ 2 ಮಿ.ಮೀ. ತಗ್ಗಿಸಿ, ಸುತ್ತಲ ಅಂಚು ಮಾತ್ರ ಗೋಡೆಗೆ ತಾಗುವ ಹಾಗೆ ಮಾಡಿ. ಗಾರೆ ಕೆರೆಯುವುದು ಆಮೇಲಿನ ಮಾತು.

ಗಾರೆಗೆ ಕೈ ಹಾಕುವ ಮೊದಲು ಬಾಗಿಲ ಪಕ್ಕದ ಸ್ವಿಚ್ ಬೋರ್ಡ್ ಎಲ್ಲಿದೆ ನೋಡಿ. ಅದರ ಪೈಪು ಸಾಮಾನ್ಯವಾಗಿ ಗೋಡೆಯೊಳಗೆ ನೇರ ಮೇಲಕ್ಕೆ ಹೋಗಿರುತ್ತದೆ, ನಿಮ್ಮ ಬಿಲ್ಲೆಯ ಪಕ್ಕದಲ್ಲೇ. ಮೊಳೆ ಚೌಕಟ್ಟಿನ ಮರಕ್ಕೆ ಮಾತ್ರ ಹೋಗಲಿ. ಗೋಡೆಗೆ ಹೊಡೆಯಲೇಬೇಕಾದರೆ ಮೇನ್ ಆಫ್ ಮಾಡಿ, ಪೈಪು ಯಾವ ದಾರಿಯಲ್ಲಿದೆ ಅನ್ನುವುದು ಖಾತ್ರಿ ಆಗದಿದ್ದರೆ ಎಲೆಕ್ಟ್ರಿಷಿಯನ್‌ಗೆ ಕೇಳಿ. ಗಾರೆ ಒದ್ದೆಯಾಗಿ ಉದುರುತ್ತಿದ್ದರೆ, ಚೌಕಟ್ಟಿನ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಕಂಡರೆ, ಅಥವಾ ಉಳಿ ಚೌಕಟ್ಟಿನೊಳಗೆ ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಬಿಲ್ಲೆ ಕೆಲಸ ಅಲ್ಲಿಗೇ ಬಿಡಿ. ಮೊದಲು ನೀರು ಎಲ್ಲಿಂದ ಬರುತ್ತಿದೆ, ಗೆದ್ದಲು ಎಷ್ಟು ದೂರ ಹೋಗಿದೆ ಅನ್ನುವುದನ್ನು ತಿಳಿದವರಿಂದ ನೋಡಿಸಿ.

ಪಾಲಿಶ್ ಹಚ್ಚಿದ ಮೇಲೆ ಕಲೆ ಕಲೆ

ವೃತ್ತದ ಎರಡು ಕಡೆ ಕಡುಗಪ್ಪು, ಎರಡು ಕಡೆ ತಿಳಿ ಕಂಡರೆ ಗಾಬರಿ ಬೇಡ. ವೃತ್ತದ ಏರಿಳಿತದಲ್ಲಿ ಅಲ್ಲಲ್ಲಿ ತಲೆಕಡೆ ಬಾಯಿ ತೆರೆದಿರುತ್ತದೆ, ಅದು ಜಾಸ್ತಿ ಬಣ್ಣ ಕುಡಿಯುತ್ತದೆ. ಮುಂದಿನ ಬಿಲ್ಲೆಗೆ ಬಣ್ಣಕ್ಕಿಂತ ಮೊದಲು ತೆಳು ಅರಗಿನ ಪಾಲಿಶ್ ಅಥವಾ ಸೀಲರ್ ಒಂದು ಕೈ ಹಚ್ಚಿ. ದುಂಡನೆಯ ಗೀರುಗಳು ಕಂಡರೆ ಸ್ಯಾಂಡ್ ಪೇಪರ್ ಹಂತ ಹಾರಿಸಿದ್ದೀರಿ. 120, ಆಮೇಲೆ 180, ಆಮೇಲೆ 220. ಕಾಗದವನ್ನು ಪೆನ್ಸಿಲ್‌ಗೆ ಸುತ್ತಿಕೊಂಡರೆ ಸಂದಿಗೊಂದಿಗೂ ಹೋಗುತ್ತದೆ. ಬೆರಳಲ್ಲಿ ಒತ್ತಿ ಉಜ್ಜಿದರೆ ವೃತ್ತದ ಚೂಪು ಏಣುಗಳೆಲ್ಲ ಸವೆದು ಸೋಪಿನ ಬಿಲ್ಲೆ ಆಗಿಬಿಡುತ್ತದೆ.

ಎರಡು ದಿನವಾದರೂ ಅಂಟಂಟು ಬಿಡದಿದ್ದರೆ, ಮರ ತೇಗವಾಗಿದ್ದರೆ, ಮರದೊಳಗಿನ ಎಣ್ಣೆಯೇ ಅಡ್ಡ ಬಂದಿರುತ್ತದೆ. ಪೂರ್ತಿ ತೆಗೆದು, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಆ ತೇವ ಆರಿದ ಕೂಡಲೇ ಮತ್ತೆ ಹಚ್ಚಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಒಲೆ ಉರಿಯುವುದು ಬೇಡ. ಅಗಸೆ ಎಣ್ಣೆ ಬಳಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗಿನ ತಂತಿಯ ಮೇಲೆ ಬಿಡಿಸಿ ಹರಡಿ, ಗಡುಸಾಗಿ ಒಣಗಿದ ಮೇಲೆ ಕಸಕ್ಕೆ ಹಾಕಿ.